ಹೆಣ ಬೆನ್ನತ್ತುವ ಊರಾಗ ಒಬ್ಬಂಟಿ: 'ಡೇ ಝಡ್' ಆಟದ ಹುಚ್ಚು ಹುಡುಗರಿಗೆ ಯಾಕ ಬಿಡವಲ್ದು?

ತಿಮ್ಮಾಪುರ (ಮುಧೋಳ ತಾ.): ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಕಡೆ ರಾತ್ರಿ ಅನ್ನೋದೇ ಇರಂಗಿಲ್ಲ. ಫ್ಯಾಕ್ಟರಿ ದಾರಿಯಲ್ಲಿ ಡಬಲ್ ಟ್ರೇಲರ್ ಹಚ್ಚಿದ ಟ್ರ್ಯಾಕ್ಟರ್‌ಗಳು ಹಾಡು ಹಚ್ಚಿಕೊಂಡು ಸಾಲುಗಟ್ಟಿ ಹೋಗ್ತಾವೆ. ಅಂಥ ಒಂದು ರಾತ್ರಿ ಹನ್ನೊಂದೂವರೆಗೆ ಅಕ್ಕನ ಮನೆಯಲ್ಲಿ ನೀರು ಕುಡಿಯಲು ಎದ್ದೆ. ಕಾಲೇಜಿಗೆ ಹೋಗುವ ಅಳಿಯ ಕಂಪ್ಯೂಟರ್ ಮುಂದೆ ಹೆಡ್‌ಫೋನ್ ಹಾಕ್ಕೊಂಡು ಉಸಿರು ಬಿಗಿಹಿಡಿದು ಕೂತಿದ್ದ. ಪರದೆ ಮೇಲೆ ನೋಡಿದರೆ ಏನೂ ನಡೀತಿರಲಿಲ್ಲ. ಒಂದು ಹಳೆ ಮನೆ, ಮುರಿದ ಕಿಟಕಿ, ಹೊರಗೆ ಮಳೆ. ಅಷ್ಟೇ.

"ಏನ್ ಮಾಡಾಕತ್ತೀಯೋ?" ಅಂದೆ.

"ಮಾಮಾ, ಸುಮ್ಕಿರ್ರಿ. ತಿನ್ನಾಕ ಡಬ್ಬಿ ಸಿಕ್ಕೈತಿ, ತೆರಿಯಾಕ ಚಾಕು ಇಲ್ಲ. ಮ್ಯಾಲೆ ಅಟ್ಟದಾಗ ಯಾರೋ ಅದಾರ" ಅಂದ.

ಅರ್ಧ ತಾಸು ಹಿಂದೆ ನಿಂತು ನೋಡಿದೆ. ಒಂದು ಗುಂಡೂ ಹಾರಲಿಲ್ಲ, ಒಬ್ಬನೂ ಸಾಯಲಿಲ್ಲ. ಆದರೂ ನನ್ನ ಅಂಗೈ ಬೆವೆತಿತ್ತು. ಮರುದಿನ ಬಜಾರಿನಲ್ಲಿ ಇದನ್ನ ಹೇಳಿದಾಗ ಪರಿಚಯದ ಅಂಗಡಿಯವರೊಬ್ಬರು "ನಮ್ಮ ಹುಡುಗನೂ ಅದನ್ನೇ ಆಡ್ತಾನ್ರಿ. ಪಬ್‌ಜಿ ಬಿಟ್ಟಾನಂತ ಖುಷಿಪಟ್ಟಿದ್ದೆ, ಈಗ ಇದಕ್ಕ ಹತ್ಯಾನ. ಏನೈತ್ರಿ ಅದರಾಗ?" ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ.

ಆಟದ ಹೆಸರು 'ಡೇ ಝಡ್'. ನಮ್ಮ ಹುಡುಗರು 'ಡೇಝೀ' ಅಂತಾರೆ. ಝಡ್ ಅಂದರೆ ಝೋಂಬಿ. ಸತ್ತ ಮೇಲೂ ಎದ್ದು ಓಡಾಡುವ ಹೆಣಕ್ಕೆ ಆ ಹೆಸರು. ಮಾತು ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಹೈಟಿ ದ್ವೀಪದ ಕಡೆ. ಸತ್ತ ಮೇಲೂ ಬಿಡುಗಡೆ ಇಲ್ಲ, ಮಾಂತ್ರಿಕ ಎಬ್ಬಿಸಿ ಜೀತಕ್ಕೆ ಹಚ್ಚುತ್ತಾನೆ ಎಂಬುದು ಅಲ್ಲಿನ ಗುಲಾಮರ ಭಯವಾಗಿತ್ತು. ಮನುಷ್ಯರನ್ನ ಕಚ್ಚಿ ತಿನ್ನುವ ಹೆಣಗಳ ಹಿಂಡು ಅನ್ನೋ ಇವತ್ತಿನ ರೂಪ ಕೊಟ್ಟದ್ದು 1968ರಲ್ಲಿ ಅಮೆರಿಕದ ಜಾರ್ಜ್ ರೊಮೆರೊ ಮಾಡಿದ ಸಿನಿಮಾ. ನಮ್ಮ ದೆವ್ವಕ್ಕೆ ಮಾತು ಬರ್ತದೆ, ಹಟ ಇರ್ತದೆ, ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರೆ ಓದಿ ವಾಪಸ್ ಹೋಗುವಷ್ಟು ತಿಳಿವಳಿಕೆಯೂ ಇರ್ತದೆ. ಝೋಂಬಿಗೆ ಅದ್ಯಾವುದೂ ಇಲ್ಲ. ಸಪ್ಪಳ ಕೇಳಿದ ಕಡೆ ಓಡಿ ಬರೋದು, ಕಚ್ಚೋದು, ಅಷ್ಟೇ ಅದರ ಕೆಲಸ. ಈ ಆಟದಲ್ಲಂತೂ ಅವು ಸತ್ತವರೂ ಅಲ್ಲ, ರೋಗ ತಗುಲಿದ ಜನ.

ಹಳೆ ಮಾಲಿಗೆ ಬಂದ ಗಿರಾಕಿ

ಇದನ್ನ ಮಾಡಿದವನು ಡೀನ್ ಹಾಲ್. ನ್ಯೂಜಿಲೆಂಡ್ ಸೈನ್ಯದಲ್ಲಿದ್ದವನು. 2010ರ ಹೊತ್ತಿಗೆ ಸಿಂಗಪುರ ಸೈನ್ಯದ ಜೊತೆ ತರಬೇತಿಗೆ ಹೋದಾಗ ಬ್ರೂನೈ ದೇಶದ ಕಾಡಿನಲ್ಲಿ ಅನ್ನವಿಲ್ಲದೆ, ಗಾಯ ಮಾಡ್ಕೊಂಡು ಬಹಳ ಕಷ್ಟಪಟ್ಟ. ಹಸಿವು ಮನುಷ್ಯನ ತಲೆಯನ್ನ ಹೆಂಗ ಆಡಿಸ್ತದೆ ಅನ್ನೋದು ಯಾವ ವಿಡಿಯೋ ಗೇಮ್‌ನಾಗೂ ಇಲ್ಲವಲ್ಲ ಅಂತ ಅವನಿಗೆ ಅನಿಸಿತು. ಆಗ ಚೆಕ್ ದೇಶದ ಬೊಹಿಮಿಯಾ ಇಂಟರ್ಯಾಕ್ಟಿವ್ ಕಂಪನಿಯ 'ಆರ್ಮಾ 2' ಎಂಬ ಯುದ್ಧದ ಆಟ ಇತ್ತು. 2009ರ ಮಾಲು. ಆ ಕಂಪನಿ ತನ್ನ ಆಟವನ್ನ ಬೇರೆಯವರು ಬಿಚ್ಚಿ ಬದಲಾಯಿಸಲು ಅವಕಾಶ ಕೊಟ್ಟಿತ್ತು. ಹೀಗೆ ಬದಲಾಯಿಸಿದ್ದಕ್ಕೆ 'ಮಾಡ್' ಅಂತಾರೆ. ಕಂಪನಿಯಿಂದ ಬಂದ ಟ್ರ್ಯಾಕ್ಟರ್‌ಗೆ ನಾವು ನಮಗೆ ಬೇಕಾದ ಬಂಪರ್, ಸೌಂಡು, ಲೈಟು ಕೂಡಿಸಿಕೊಳ್ಳೋದಿಲ್ಲವೇ, ಹಂಗೆ.

ಹಾಲ್ ತನ್ನ ಮಾಡ್ ಅನ್ನು 2012ರ ಏಪ್ರಿಲ್‌ನಲ್ಲಿ ಪುಕ್ಕಟೆ ಬಿಟ್ಟ. ಆಗಸ್ಟ್ ಹೊತ್ತಿಗೆ 10 ಲಕ್ಷ ಜನ ಆಡಿದ್ದರು. ಇಲ್ಲಿ ಅಂಗಡಿಯವರು ಗಮನಿಸಬೇಕಾದ ಒಂದು ಮಾತು ಇದೆ. ಮಾಡ್ ಪುಕ್ಕಟೆ, ಆದರೆ ಅದು ನಡೀಬೇಕಂದರೆ ಮೂಲ 'ಆರ್ಮಾ 2' ಕೊಳ್ಳಲೇಬೇಕು. ಮೂರು ವರ್ಷ ಹಳೇ ಸರಕು, ರ್ಯಾಕಿನಲ್ಲಿ ಧೂಳು ತಿನ್ನುತ್ತಿದ್ದದ್ದು, ಮತ್ತೆ ಮಾರಾಟದ ಪಟ್ಟಿಯ ತುದಿಗೆ ಬಂತು. ಕಂಪನಿಯವರು ಒಂದು ರೂಪಾಯಿ ಜಾಹೀರಾತೂ ಕೊಟ್ಟಿರಲಿಲ್ಲ. ಬಳಿಕ ಅವರು ಹಾಲ್‌ನನ್ನ ಕರೆಸಿಕೊಂಡು ಬೇರೆ ಆಟವನ್ನೇ ಕಟ್ಟಿಸಿದರು. 2013ರ ಡಿಸೆಂಬರ್ 16ರಂದು ಅರ್ಧ ತಯಾರಾದ ಸ್ಥಿತಿಯಲ್ಲೇ ಅದನ್ನ ಮಾರಾಟಕ್ಕೆ ಇಟ್ಟಾಗ ಮೊದಲ ಒಂದೇ ದಿನಕ್ಕೆ 1.7 ಲಕ್ಷಕ್ಕೂ ಹೆಚ್ಚು ಹೋದವು. ಪೂರ್ತಿ ತಯಾರಾಗಿ ಬಂದದ್ದು 2018ರ ಡಿಸೆಂಬರ್‌ನಲ್ಲಿ. ಐದು ವರ್ಷ ಗಿರಾಕಿ ಬೈದುಕೋತ ಕಾದರು. ಹಾಲ್ ಅಂತೂ 2014ರಲ್ಲೇ ಕಂಪನಿ ಬಿಟ್ಟು ಹೋಗಿದ್ದ.

ಈ ನಡುವೆ 2012ರ ಡಿಸೆಂಬರ್‌ನಲ್ಲಿ 'ದಿ ವಾರ್ ಝಡ್' ಎಂಬ ಹೆಸರಿನ ಇನ್ನೊಂದು ಆಟ ಬಂತು. ಇಲ್ಲದ ಸೌಲಭ್ಯಗಳನ್ನ ಇದೆ ಅಂತ ಬರೆದು ಮಾರಿದ್ದಕ್ಕೆ ಗಲಾಟೆಯಾಗಿ, ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ ಅದನ್ನ ಸ್ವಲ್ಪ ದಿನ ಕೆಳಗಿಳಿಸಿತ್ತು. ಹೆಸರಿನ ಹೋಲಿಕೆ ನೋಡಿ ದುಡ್ಡು ಕೊಟ್ಟು ಕೈ ಸುಟ್ಟುಕೊಂಡವರು ಆಗಲೂ ಇದ್ದರು.

ಆಟದಾಗ ಏನೈತಿ?

ಹೇಳಲು ಹೊರಟರೆ ಏನೂ ಇಲ್ಲ ಅನ್ನಬೇಕು. ಸಮುದ್ರದ ದಂಡೆ ಮೇಲೆ ಕಣ್ಣು ಬಿಡ್ತೀರಿ. ಮೈಮೇಲೆ ಬಟ್ಟೆ, ಕಿಸೆಯಲ್ಲಿ ಒಂದು ಹಣ್ಣು, ಒಂದು ಬ್ಯಾಂಡೇಜು. ಎಲ್ಲಿಗೆ ಹೋಗಬೇಕು, ಯಾರನ್ನ ಕೊಲ್ಲಬೇಕು, ಏನು ಗೆಲ್ಲಬೇಕು ಅಂತ ಯಾರೂ ಹೇಳೋದಿಲ್ಲ. ಬಾಣದ ಗುರುತಿಲ್ಲ, ಲೆವೆಲ್ ಇಲ್ಲ, ಮುಗಿಯುವ ಜಾಗ ಇಲ್ಲ. ಸುತ್ತ 225 ಚದರ ಕಿಲೋಮೀಟರ್ ನೆಲ, ಅಂದರೆ 15 ಕಿಮೀ ಉದ್ದ, 15 ಕಿಮೀ ಅಗಲ. ನಮ್ಮ ಒಂದು ಸಣ್ಣ ಹೋಬಳಿ ಅಂದುಕೊಳ್ಳಿ. 'ಚೆರ್ನಾರಸ್' ಅಂತ ಅದಕ್ಕೆ ಹೆಸರು. ಕಾಲ್ಪನಿಕ ದೇಶ, ಆದರೆ ನೆಲ ಕಾಲ್ಪನಿಕ ಅಲ್ಲ. ಚೆಕ್ ದೇಶದ ಉತ್ತರದಲ್ಲಿ ಊಸ್ತಿ ನಾದ್ ಲಾಬೆಮ್ ಎಂಬ ಪಟ್ಟಣದ ಸುತ್ತಲಿನ ಗುಡ್ಡ, ಹಳ್ಳಿ, ರಸ್ತೆಯನ್ನೇ ನೋಡಿ ಮಾಡಿದ್ದು. ಚೆಕ್ ದೇಶಕ್ಕೆ ಸಮುದ್ರವೇ ಇಲ್ಲ, ಅದೊಂದನ್ನ ಮಾತ್ರ ಇವರು ಕೂಡಿಸಿದರು.

ಆ ನೆಲದ ಮೇಲೆ ಊರುಗಳಿವೆ, ಜನ ಇಲ್ಲ. ಮನೆ ಬಾಗಿಲು ತೆರೆದೇ ಇರ್ತದೆ. ಅಡುಗೆಮನೆ, ಮಂಚ, ಕಪಾಟು, ಎಲ್ಲಾ ಇದ್ದಲ್ಲೇ ಇವೆ.

ಬೀಳಗಿ ತಾಲ್ಲೂಕಿನ ಓದುಗರಿಗೆ, ಹಳೇ ಬಾಗಲಕೋಟೆಯವರಿಗೆ ಇಂಥ ದೃಶ್ಯ ವಿವರಿಸಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಹೋದವರು ಬಾಗಿಲು, ತೊಲೆ, ಜಂತಿ ಕಿತ್ತುಕೊಂಡು ಹೋದ ಮೇಲೆ ಉಳಿದ ಗೋಡೆಗಳನ್ನ ನೋಡಿದವರು ಇವತ್ತಿಗೂ ಇದ್ದಾರೆ. ಹಿನ್ನೀರು ಇಳಿದ ದಿನಗಳಲ್ಲಿ ಹಳೆ ಊರಿನ ಕಟ್ಟೆ ಮೇಲೆ ಹೋಗಿ ಕೂತು ಬರುವವರೂ ಇದ್ದಾರೆ. ಅಣೆಕಟ್ಟಿನ ಎತ್ತರ 519.60 ಮೀಟರ್‌ನಿಂದ 524.256ಕ್ಕೆ ಏರಿದರೆ ಇನ್ನಷ್ಟು ಊರುಗಳ ಪಾಳಿ. ಖಾಲಿ ಊರಿಗೆ ಒಂದು ಸೆಳೆತ ಇರ್ತದೆ. ಇಲ್ಲಿ ಯಾರಿದ್ದರು, ಹೋಗೋ ಮುಂದ ಏನು ಬಿಟ್ಟು ಹೋದರು ಅಂತ ಹುಡುಕುವ ಕುತೂಹಲ. ಆಟ ಕಟ್ಟಿದವರು ಇದನ್ನ ಚೆನ್ನಾಗಿ ಅರಿತಿದ್ದಾರೆ.

ಹುಡುಕೋದು ಯಾಕೆ? ಹೊಟ್ಟೆಗಾಗಿ. ಆಟದಲ್ಲಿ ನಿಮಗೆ ಹಸಿವಾಗ್ತದೆ, ನೀರಡಿಕೆ ಆಗ್ತದೆ, ಮಳೆಯಲ್ಲಿ ತೊಯ್ದರೆ ಚಳಿ ಹಿಡಿದು ಬೀಳ್ತೀರಿ. ಹಳ್ಳಿ ನಡುವೆ ನಮ್ಮ ಬೋರಿನ ಕೈಪಂಪಿನಂಥ ಪಂಪು ಇದೆ, ಆ ನೀರು ಚೊಲೋ. ಕೆರೆ, ಹೊಂಡದ ನೀರು ಹಂಗೇ ಕುಡಿದರೆ ಕಾಲರಾ. ರಕ್ತ ಹತ್ತಿದ ಕೈ ತೊಳೆಯದೆ ತಿಂದರೂ ರೋಗ. ನಡೆದಷ್ಟೂ ಬೂಟು ಸವೀತದೆ, ಬರಿಗಾಲಲ್ಲಿ ಓಡಿದರೆ ಅಂಗಾಲು ಒಡೆದು ರಕ್ತ ಬರ್ತದೆ. ರಬಕವಿ-ಬನಹಟ್ಟಿಯ ನೇಕಾರ ಓದುಗರಿಗೆ ಒಂದು ವಿವರ ಹೇಳಲೇಬೇಕು. ಬಟ್ಟೆ ಹೊಲಿಯುವ ಸೂಜಿ-ದಾರ ಬೇರೆ, ಚರ್ಮ ಹೊಲಿಯುವುದು ಬೇರೆ, ಒಂದು ಇನ್ನೊಂದಕ್ಕೆ ನಡೆಯಂಗಿಲ್ಲ. ರಕ್ತ ಕೊಡಬೇಕಾದರೆ ಗುಂಪು ಹೊಂದಬೇಕು. ತಪ್ಪು ಗುಂಪಿನ ರಕ್ತ ಏರಿಸಿದರೆ ಉಳಿಸಲು ಹೋದವನೇ ಕೊಂದಂಗ. ಅಳಿಯ ತನ್ನ ರಕ್ತದ ಗುಂಪು ಯಾವುದು ಅಂತ ತಾಯಿಯನ್ನ ಮೊದಲ ಸಲ ಕೇಳಿದ್ದು ಈ ಆಟ ಆಡಲು ಶುರುಮಾಡಿದ ಮೇಲೆ.

ಬೇರೆ ಆಟದಲ್ಲಿ ಬಂದೂಕು ಸಿಕ್ಕರೆ ಖುಷಿ. ಇಲ್ಲಿ ಡಬ್ಬಿ ತೆರೆಯುವ ಚಾಕು ಸಿಕ್ಕರೆ ಕುಣಿಯೋ ಹಂಗ ಆಗ್ತದೆ. ಬಂದೂಕು ಸಿಕ್ಕರೂ ಗುಂಡು ಸಿಗೋದಿಲ್ಲ, ಗುಂಡು ಸಿಕ್ಕರೆ ಅದು ಈ ಬಂದೂಕಿನದ್ದಲ್ಲ. ಎಲ್ಲಾ ಕೂಡಿಬಂದು ಒಂದು ಗುಂಡು ಹಾರಿಸಿದಿರೋ, ಸುತ್ತಲಿನ ಝೋಂಬಿಗಳೆಲ್ಲ ಅಲ್ಲಿಗೇ ಓಡಿ ಬರ್ತಾವೆ.

ಹೆಣಕ್ಕಿಂತ ಮನುಷ್ಯನದೇ ಹೆದರಿಕೆ

ಒಂದು ಸರ್ವರ್‌ನಲ್ಲಿ ಒಂದೇ ಹೊತ್ತಿಗೆ ಸುಮಾರು 60 ಜನ ಆಡುತ್ತಿರ್ತಾರೆ. ಎಲ್ಲರೂ ಎಲ್ಲೋ ಕೂತ ನಿಜವಾದ ಮನುಷ್ಯರು. ಹತ್ತಿರ ಬಂದರೆ ಮಾತ್ರ ಒಬ್ಬರ ದನಿ ಇನ್ನೊಬ್ಬರಿಗೆ ಕೇಳ್ತದೆ, ದೂರ ಹೋದಂಗ ಸಣ್ಣದಾಗ್ತದೆ. ಅವತ್ತು ಅಟ್ಟದಲ್ಲಿದ್ದವನು ಯಾರು ಅಂತ ಅಳಿಯನಿಗೆ ಗೊತ್ತಿರಲಿಲ್ಲ. ಅವನಿಗೂ ಕೆಳಗಿರೋನು ಯಾರಂತ ಗೊತ್ತಿರಲಿಲ್ಲ. ಇಬ್ಬರೂ ಅರ್ಧ ತಾಸು ಉಸಿರು ಬಿಗಿಹಿಡಿದು ಕೂತರು. ಕೊನೆಗೆ ಮೇಲಿನಿಂದ ಮುರುಕು ಇಂಗ್ಲಿಷಿನಲ್ಲಿ ಒಂದು ದನಿ ಬಂತು, 'ಫ್ರೆಂಡ್ಲಿ?' ಅಂತ. ಸ್ನೇಹಿತನೇನು?

ಈ ಆಟದ ಜೀವ ಇರೋದು ಈ ಒಂದು ಪ್ರಶ್ನೆಯಲ್ಲಿ ಅಂತ ನನ್ನ ಅನಿಸಿಕೆ. ಹೌದು ಅಂದವನು ನಿಜ ಹೇಳ್ತಾನೆ ಅಂತ ಗ್ಯಾರಂಟಿ ಇಲ್ಲ. ಅವನ ಕೈಯಲ್ಲಿ ಚಾಕು ಇದೆ, ನಿಮ್ಮ ಕೈಯಲ್ಲಿ ಡಬ್ಬಿ ಇದೆ. ಕೂಡಿ ತಿಂದರೆ ಇಬ್ಬರೂ ಉಳೀತೀರಿ. ಅವನು ನಿಮ್ಮನ್ನ ಕೊಂದರೆ ಡಬ್ಬಿ, ಬೂಟು, ಬ್ಯಾಗು ಎಲ್ಲಾ ಅವನದು. ಪೊಲೀಸ್ ಸ್ಟೇಷನ್ ಕಟ್ಟಡ ಇದೆ, ಪೊಲೀಸರಿಲ್ಲ. ಉದ್ರಿ ಕೊಡುವ ಅಂಗಡಿಕಾರರಿಗೆ ಈ ಸಂಕಟ ಹೇಳಿಕೊಡಬೇಕೇ? ಗುರುತಿಲ್ಲದ ಮುಖ ನೋಡಿ, ದನಿ ಕೇಳಿ, ಇವನು ವಾಪಸ್ ಕೊಡ್ತಾನೋ ಇಲ್ಲೋ ಅಂತ ಒಂದು ನಿಮಿಷದಲ್ಲಿ ತೀರ್ಮಾನ ಮಾಡುವ ಕೆಲಸ ಅದು.

ಮತ್ತೆ, ಸತ್ತರೆ ಸತ್ತಂಗೇ. ಬೇರೆ ಆಟದಲ್ಲಿ ಸತ್ತ ಜಾಗದಿಂದಲೇ ಮತ್ತೆ ಶುರು. ಇಲ್ಲಿ ಮೂರು ವಾರ ಕೂಡಿಟ್ಟ ಗಂಟು ಒಂದು ಗುಂಡಿಗೆ ಹೋಗ್ತದೆ, ಮತ್ತೆ ಅದೇ ದಂಡೆ, ಅದೇ ಒಂದು ಹಣ್ಣು. ಆದ್ದರಿಂದಲೇ ಏನೂ ನಡೆಯದ ಅರ್ಧ ತಾಸು ಕೂಡ ಅಂಗೈ ಬೆವರಿಸ್ತದೆ. ಕಳಕೊಳ್ಳುವಂಥದ್ದು ಇದ್ದಾಗ ಮಾತ್ರ ಹೆದರಿಕೆ ಹುಟ್ಟೋದು. ಆಟ ಮುಗಿದ ಮೇಲೆ ಹುಡುಗರು ಚಹಾದಂಗಡಿಯಲ್ಲಿ ಪಾಯಿಂಟ್ ಎಷ್ಟು ಬಂತು ಅಂತ ಮಾತಾಡೋದಿಲ್ಲ. ಯಾರು ನೀರು ಕೊಟ್ಟ, ಯಾರು ಬೆನ್ನಿಗೆ ಹೊಡೆದ, ಮಳೆಯಲ್ಲಿ ಗುಡ್ಡ ದಾಟಿದ್ದು ಹೆಂಗ ಅಂತ ಕಥೆ ಹೇಳ್ತಾರೆ. ನಾನೂ ಕೇಳಿದ್ದೇನೆ, ಸಂತೆಯಿಂದ ಬಂದವರು ಹೇಳಿದಂಗೇ ಇರ್ತದೆ.

ದೋಷ ಇಲ್ಲ ಅಂತಲ್ಲ. ಒಂದೊಂದು ಸಲ ಎರಡು ತಾಸು ನಡೆದರೂ ಏನೂ ಸಿಗೋದಿಲ್ಲ. ಗೋಡೆಯೊಳಗೆ ಝೋಂಬಿ ಸಿಕ್ಕಿಕೊಂಡು ಕೈ ಆಡಿಸೋದು ನೋಡಿ ನಗು ಬರ್ತದೆ. ಕಳ್ಳ ಸಾಫ್ಟ್‌ವೇರ್ ಹಾಕ್ಕೊಂಡು ಗೋಡೆಯಾಚೆಗೂ ನೋಡುವ ಮೋಸಗಾರರ ಕಾಟ ಮೊದಲಿನಿಂದ ಇದೆ. ಬೇಗ ಬೇಸರಾಗುವವರಿಗೆ ಇದು ಆಟವೇ ಅಲ್ಲ.

ಪಬ್‌ಜಿಯ ತಾಯಿಬೇರು

ಅಂಗಡಿಯವರು 'ಪಬ್‌ಜಿ ಬಿಟ್ಟು ಇದಕ್ಕ ಹತ್ಯಾನ' ಅಂದರಲ್ಲ, ಲೆಕ್ಕ ತಿರುಗಾಮುರುಗಾ ಇದೆ. ಪಬ್‌ಜಿ ಹುಟ್ಟಿದ್ದೇ ಇದರಿಂದ. ಬ್ರೆಂಡನ್ ಗ್ರೀನ್ ಎಂಬ ಐರ್ಲೆಂಡಿನವನು 'ಡೇ ಝಡ್' ಮಾಡ್ ಆಡುತ್ತಾ, ಅದನ್ನೇ ಮತ್ತೆ ಬದಲಾಯಿಸಿ, ಎಲ್ಲರೂ ಬಡಿದಾಡಿ ಕೊನೆಗೆ ಒಬ್ಬನೇ ಉಳಿಯುವ ಆಟ 2013ರಲ್ಲಿ ಮಾಡಿದ. 2000ದ ಒಂದು ಜಪಾನಿ ಸಿನಿಮಾದಿಂದ 'ಬ್ಯಾಟಲ್ ರಾಯಲ್' ಎಂಬ ಹೆಸರು ತಗೊಂಡ. ಅವನು ಆಟದಲ್ಲಿ ಇಟ್ಟುಕೊಂಡಿದ್ದ ಹೆಸರು 'ಪ್ಲೇಯರ್ ಅನ್‌ನೋನ್'. ಪಬ್‌ಜಿ ಅನ್ನೋದರ ಮೊದಲ 'ಪಿ' ಮತ್ತು 'ಯು' ಅವನದೇ. 2017ರಲ್ಲಿ ಕೊರಿಯಾದ ಕಂಪನಿಯ ಮೂಲಕ ಕಂಪ್ಯೂಟರ್‌ಗೆ ಬಂತು, 2018ರಲ್ಲಿ ಮೊಬೈಲ್‌ಗೆ. ಅಲ್ಲಿಂದ ನಮ್ಮ ಬಸ್ ಸ್ಟ್ಯಾಂಡ್ ಕಟ್ಟೆಗೆ ಬರಲು ತಡವಾಗಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿದ್ದದ್ದೇ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನ ನಿಷೇಧಿಸಿತು. 2021ರ ಜುಲೈಯಲ್ಲಿ ಬಿಜಿಎಂಐ ಅಂತ ಹೆಸರು ಬದಲಿಸಿ ಬಂತು, 2022ರ ಜುಲೈಯಲ್ಲಿ ಮತ್ತೆ ಅಂಗಡಿಯಿಂದ ಇಳಿಯಿತು, 2023ರ ಮೇನಲ್ಲಿ ಮತ್ತೆ ಬಂತು. ಗಡಿಬಿಡಿಯಲ್ಲಿ ಮಗ ತಾಯಿಯ ಹಸಿವು, ನೀರಡಿಕೆ, ಮಾತು, ನಂಬಿಕೆ ಎಲ್ಲಾ ಬಿಟ್ಟು ಬರೀ ಬಂದೂಕು ತಗೊಂಡು ಹೋದ. ಅರ್ಧ ತಾಸಿನಲ್ಲಿ ಮುಗೀತದೆ, ಮತ್ತೊಂದು ಆಡು ಅಂತದೆ. ಎರಡನ್ನೂ ನೋಡಿದ ನನಗೆ ತಾಯಿಯೇ ಮೇಲು ಅನಿಸ್ತದೆ. ಇದು ನನ್ನ ಅಭಿಪ್ರಾಯ, ಮನೆಯಲ್ಲಿ ಜಗಳ ಬಂದರೆ ನನ್ನ ಹೆಸರು ಹೇಳಬೇಡಿ.

ಹೆತ್ತವರು, ಅಂಗಡಿಯವರು ತಿಳ್ಕೊಬೇಕಾದ್ದು

ಮೊದಲನೇ ಮಾತು, ಈ ಆಟ ಫೋನಿನಲ್ಲಿ ನಡೆಯೋದಿಲ್ಲ. ಕಂಪ್ಯೂಟರ್‌ಗೆ ಗ್ರಾಫಿಕ್ಸ್ ಕಾರ್ಡು, 8 ಜಿಬಿ ರ್ಯಾಮ್ ಆದರೂ ಬೇಕು, ಇಲ್ಲವೇ ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಬೇಕು. ಫೋನಿಗೆ ಅದೇ ಕಂಪನಿಯ 'ಮಿನಿ ಡೇಝಡ್' ಎಂಬ ಸಣ್ಣ ಆಟ ಬಂದಿತ್ತು, ಅದು ಬೇರೆಯದೇ. 'ಪೂರ್ತಿ ಡೇಝೀ ಮೊಬೈಲ್‌ನಲ್ಲಿ, ಈ ಲಿಂಕ್ ಒತ್ತಿ' ಅಂತ ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಫೈಲ್ ಕಳಿಸಿದರೆ ಒತ್ತಬೇಡಿ. ಅದೇ ಫೋನಿನಲ್ಲಿ ನಿಮ್ಮ ಅಂಗಡಿಯ ಫೋನ್ ಪೇ ಕೂಡ ಇರ್ತದೆ.

ಇದು ಜೂಜಲ್ಲ. ದುಡ್ಡು ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕಾಯ್ದೆ ತಂದು ನಿಷೇಧಿಸಿದೆ. ಆ ಸಾಲಿಗೆ ಇದು ಸೇರೋದಿಲ್ಲ. ಒಂದು ಸಲ ಕೊಂಡರೆ ಆಯ್ತು, ಹೊಸ ಭೂಪಟ ಬೇಕಾದರೆ ಬೇರೆ ದುಡ್ಡು. ಆದರೆ ಖಾಸಗಿಯವರು ನಡೆಸುವ ಸರ್ವರ್‌ಗಳಲ್ಲಿ 'ದೇಣಿಗೆ' ಅಂತ ಕೇಳೋದುಂಟು, ಅಲ್ಲಿ ಹುಡುಗರ ಕೈಗೆ ಕಾರ್ಡು ಕೊಡುವಾಗ ನೋಡಿಕೊಳ್ಳಿ.

ಸಣ್ಣ ಮಕ್ಕಳ ಆಟವಂತೂ ಅಲ್ಲ. ಅಮೆರಿಕದಲ್ಲಿ ಇದಕ್ಕೆ 17 ವರ್ಷ ಮೇಲ್ಪಟ್ಟವರಿಗೆ ಅಂತ ಮುದ್ರೆ ಇದೆ. 2019ರಲ್ಲಿ ಆಟದಲ್ಲಿ ಗಾಂಜಾ ಸೇರಿಸುತ್ತಾರೆ ಅನ್ನೋ ಕಾರಣಕ್ಕೆ ಆಸ್ಟ್ರೇಲಿಯಾ ಮಾರಾಟಕ್ಕೆ ಒಪ್ಪಲಿಲ್ಲ, ಕಂಪನಿ ಅದನ್ನ ಎಲ್ಲಾ ದೇಶದಲ್ಲೂ ತೆಗೆದುಹಾಕಿತು. ರಕ್ತಪಾತಕ್ಕಿಂತ ನನಗೆ ಹೆಚ್ಚು ಯೋಚನೆ ಆಗೋದು ಗುರುತಿಲ್ಲದವರ ಜೊತೆಗಿನ ಮಾತಿನ ಬಗ್ಗೆ. ಹೊಲಸು ಬೈಗುಳ ಯಾವ ಭಾಷೆಯಲ್ಲಾದರೂ ಕಿವಿಗೆ ಬೀಳ್ತದೆ. ಎಂಟನೇ ಕ್ಲಾಸಿನ ಹುಡುಗನಿಗೆ ಇದು ಬೇಡ.

ಇನ್ನು ನಿದ್ದೆ. ಈ ಆಟಕ್ಕೆ 'ಇಲ್ಲಿಗೆ ಮುಗೀತು' ಅನ್ನುವ ಜಾಗ ಇಲ್ಲ, ಆದ್ದರಿಂದ ಏಳೋದು ಕಷ್ಟ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಗೀಳನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆದರೆ ಹೆಚ್ಚು ಹೊತ್ತು ಆಡಿದವರೆಲ್ಲ ರೋಗಿಗಳು ಅಂತ ಅದರ ಅರ್ಥವಲ್ಲ. ಓದು, ಊಟ, ನಿದ್ದೆ, ಗೆಳೆಯರು ಎಲ್ಲಾ ಕೆಡುತ್ತಿದ್ದರೂ ಬಿಡಲಾಗದೆ, ಅದು ತಿಂಗಳುಗಟ್ಟಲೆ ನಡೆದರೆ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಂತಲೇ 2014ರಿಂದ 'ಶಟ್ ಕ್ಲಿನಿಕ್' ಇದೆ. ಅಷ್ಟು ದೂರ ಹೋಗುವ ಮೊದಲು ಸರ್ಕಾರದ ಟೆಲಿ ಮಾನಸ್ 14416ಕ್ಕೆ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಫೋನ್ ಕಸಿದು ನೆಲಕ್ಕೆ ಒಗೆಯೋದು, ವೈರ್ ಕತ್ತರಿಸೋದು ಬೇಡ. 2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಕಾಕತಿಯಲ್ಲಿ ಪಬ್‌ಜಿ ವಿಷಯಕ್ಕೆ ಒಂದು ಮನೆಯಲ್ಲಿ ನಡೆದ ದುರಂತ ಈ ಭಾಗದ ಜನ ಮರೆತಿಲ್ಲ. ಹುಡುಗನ ಮನಸ್ಸು ಕೆಟ್ಟಿದೆ ಅನಿಸಿದಾಗ ಜಗಳಕ್ಕೆ ಮೊದಲು ಡಾಕ್ಟರ್ ಬೇಕು.

ನಮ್ಮ ಮನೆಯಲ್ಲಿ ಅಕ್ಕ ಮಾಡಿದ ಉಪಾಯ ಬೇರೆ. ಆಡೋ ಮುಂದ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂಡ್ತಾಳೆ, ಏನಿದು, ಯಾಕೆ ಅಂತ ಕೇಳ್ತಾಳೆ. ಹತ್ತೂವರೆಗೆ ಏಳಬೇಕು, ಅದಕ್ಕೆ ಮೊದಲು ಆಟದೊಳಗೆ ಸುರಕ್ಷಿತ ಜಾಗ ಹುಡುಕಿಕೊಳ್ಳೋದು ಅವನ ಜವಾಬ್ದಾರಿ. ವಾರದಲ್ಲಿ ಎರಡು ದಿನ ಮುರೀತದೆ, ಐದು ದಿನ ನಡೀತದೆ.

ಕಳೆದ ವಾರ ನಮ್ಮವ್ವನೂ ಬಂದು ಕೂತಳು. 2019ರ ಆಗಸ್ಟ್‌ನಲ್ಲಿ ಮುಧೋಳ ಬದಿಗೆ ಘಟಪ್ರಭಾ, ಜಮಖಂಡಿ ಬದಿಗೆ ಕೃಷ್ಣಾ ಉಕ್ಕಿ ಬಂದಾಗ ನಮ್ಮ ಬಳಗದವರು ಮನೆ ಬಿಟ್ಟು ಗಂಜಿ ಕೇಂದ್ರದಲ್ಲಿ ಇದ್ದು ಬಂದವರು. ಹೊಳಿ ಬಂದ ರಾತ್ರಿ ಯಾವುದನ್ನ ಎತ್ತಿಕೊಳ್ಳಬೇಕು, ಯಾವುದನ್ನ ಬಿಡಬೇಕು ಅಂತ ಹತ್ತು ನಿಮಿಷದಲ್ಲಿ ತೀರ್ಮಾನ ಮಾಡಿದವಳು ಅವ್ವ. ಬಂಗಾರದ ಡಬ್ಬಿಗಿಂತ ಮೊದಲು ಅವಳು ತಗೊಂಡದ್ದು ರೇಷನ್ ಕಾರ್ಡು, ಕುಡಿಯೋ ನೀರಿನ ಕ್ಯಾನು, ಎಮ್ಮೆಯ ಹಗ್ಗ. ಝೋಂಬಿ ನೋಡಿ ಅವಳಿಗೆ ಏನೂ ಅನಿಸಲಿಲ್ಲ, "ಯಾವನೋ ಕುಡದು ಬಂದಾನ" ಅಂದಳು. ಆದರೆ ಮೊಮ್ಮಗ ಬ್ಯಾಗ್ ಬಿಚ್ಚಿ ಸಾಮಾನು ಹೊಂದಿಸುವಾಗ ಚಸ್ಮಾ ಹಾಕ್ಕೊಂಡು ಮುಂದೆ ಬಾಗಿದಳು.

"ಅಲ್ಲೇನೈತಿ, ಕಡ್ಡಿಪೆಟ್ಟಿಗಿ ಏನ?"

"ಹೂಂ ಅಜ್ಜಿ."

"ಹೊಳಿ ದಾಟಾಂವ ಅದಿ. ತೊಯ್ದ್ರ ಏನ್ ಹಚ್ತಿ? ಯಾವುದರ ಡಬ್ಬಿಯಾಗ ಹಾಕಿ ಬಾಯಿ ಮುಚ್ಚಿ ಇಟ್ಕೊ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬ್ಯಾಗಿನ ತಳದಲ್ಲಿ ಹುಡುಕಿದ. ನೀರು ಹೋಗದಂಥ ಸಣ್ಣ ಡಬ್ಬಿಯೊಂದು ಅಲ್ಲಿತ್ತು, ಮೊನ್ನೆಯೇ ಸಿಕ್ಕಿದ್ದು. ಅದು ಯಾಕೆ ಬೇಕು ಅಂತ ಅವನಿಗೆ ಅಲ್ಲಿತನಕ ಹೊಳೆದಿರಲಿಲ್ಲ.